ನೆರಳಜ್ಜಿಯ ಗಾಜು

ನನ್ನ ಅಂಗೈ ಬೆವರುತ್ತದೆ. ಡೈರಿಗೆ ಬಿಟ್ಟರೆ ಈ ವಿಷಯ ಯಾರಿಗೂ ಗೊತ್ತಿಲ್ಲ. ಬ್ಯಾಂಕಿನಲ್ಲೋ ಬಟ್ಟೆ ಅಂಗಡಿಯಲ್ಲೋ ಕೆಲಸ ಸಿಕ್ಕಿದ್ದರೆ ಇದು ಬರೆದಿಡುವಂಥ ಚಿಂತೆಯೂ ಆಗುತ್ತಿರಲಿಲ್ಲವೇನೋ. ಆದರೆ ಇತಿಹಾಸದಲ್ಲಿ ಪದವಿ ಮುಗಿಸಿ ನಾನು ಹೋಗಿ ಸೇರಿಕೊಂಡದ್ದು ಪತ್ರಾಗಾರದ ದುರಸ್ತಿ ಕೋಣೆಗೆ. ಅಲ್ಲಿ ನನ್ನ ಮೇಜಿಗೆ ಬರುವುದೆಲ್ಲ ನೂರು, ನೂರೈವತ್ತು ವರ್ಷದ ಕಾಗದಗಳು. ಫೋಟೋ ಮುಟ್ಟುವಾಗ ಕೈಗವಸು ಹಾಕಿಕೊಳ್ಳಬಹುದು, ಕಾಗದಕ್ಕೆ ಅದು ಆಗಿಬರುವುದಿಲ್ಲ. ಗವಸು ತೊಟ್ಟ ಬೆರಳಿಗೆ ಕಾಗದದ ಅಂಚು ತಿಳಿಯುವುದಿಲ್ಲ. ಹರಿದದ್ದು ಹರಿದ ಮೇಲೇ ಗೊತ್ತಾಗುವುದು. ಕೈ ತೊಳೆದು, ಚೆನ್ನಾಗಿ ಒರೆಸಿ, ಬರಿಗೈಯಲ್ಲೇ ಮುಟ್ಟಬೇಕು. ಹಾಗಾಗಿ ದಿನವಿಡೀ ನಾನು ಕೈ ತೊಳೆಯುತ್ತಲೇ ಇರುತ್ತೇನೆ. ನಮ್ಮ ಮೇಡಂ ಅದನ್ನು ನನ್ನ ಶ್ರದ್ಧೆ ಅಂದುಕೊಂಡಿದ್ದಾರೆ.

ಮೇಡಂ ಆ ಕೋಣೆಯ ಮುಖ್ಯಸ್ಥೆ. ಬೆಳಿಗ್ಗೆ ಬಂದ ಕೂಡಲೇ ಗೋಧಿ ಗಂಜಿ ಕಾಯಿಸಿ, ಜರಡಿಯಲ್ಲಿ ಸೋಸಿ ಅಂಟು ಮಾಡುವುದು ಅವರೇ, ಬೇರೆ ಯಾರಿಗೂ ಬಿಡುವುದಿಲ್ಲ. ಅದಕ್ಕೆ ಬೇರೆ ವಿಭಾಗದವರೆಲ್ಲ ಅವರನ್ನು ಅಂಟು ಮೇಡಂ ಅನ್ನುತ್ತಾರೆ. ಅದು ಅವರಿಗೂ ಗೊತ್ತು. "ಇಷ್ಟು ವರ್ಷ ಇಲ್ಲೇ ಅಂಟ್ಕೊಂಡಿದ್ದೀನಲ್ಲ, ಸರಿಯಾಗೇ ಇಟ್ಟಿದ್ದಾರೆ ಹೆಸರು" ಅನ್ನುತ್ತಾರೆ.

ನನ್ನ ಇನ್ನೊಂದು ಕಷ್ಟ ಮಾತ್ರ ಊರಿಗೆಲ್ಲ ಗೊತ್ತಿರುವಂಥದ್ದು. ಮಾತು ಗಂಟಲಿನವರೆಗೆ ಬರುತ್ತದೆ, ಬಂದು ಅಲ್ಲೇ ಕೂತುಬಿಡುತ್ತದೆ. ಅಪ್ಪನ ಅಕ್ಕ, ನಮ್ಮ ಅತ್ತೆ, ಬಂದವರಿಗೆಲ್ಲ ಹೇಳುವುದುಂಟು: "ಇವಳ ಮಾತು ಕೇಳಬೇಕು ಅಂದ್ರೆ ವಾರ ಮೊದಲೇ ಅರ್ಜಿ ಹಾಕ್ಕೋಬೇಕು."

ಆ ಭಾನುವಾರ ಅತ್ತೆಯ ಮನೆಯಲ್ಲಿ ಅಟ್ಟ ಖಾಲಿ ಮಾಡುವ ಕೆಲಸ ನಡೆದಿತ್ತು. ಹಳೆ ಫ್ಯಾನು, ಹರಿದ ಸೂಟ್‌ಕೇಸುಗಳ ನಡುವೆ ತಗಡಿನ ಪೆಟ್ಟಿಗೆಯೂ ಕೆಳಗಿಳಿದಿತ್ತು. ನನಗೆ ಅದರ ಬಗ್ಗೆ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಅದು ನೆರಳಜ್ಜಿಯ ಪೆಟ್ಟಿಗೆ.

ನೆರಳಜ್ಜಿ ನಮ್ಮ ಮನೆಯ ನಗೆಹನಿ. ಅಜ್ಜನ ಮುತ್ತಜ್ಜಿಗೆ ಒಬ್ಬಳು ತಂಗಿಯಿದ್ದಳಂತೆ. ಮದುವೆಯಾಗಿ ಬಹಳ ದೂರ ಹೋದವಳು ಮತ್ತೆ ತವರಿಗೆ ಬಂದದ್ದೇ ಇಲ್ಲ. ಅಕ್ಕನಿಗೆ ಕಾಗದ ಬರೆಯುತ್ತಿದ್ದಳು. ಅವುಗಳಲ್ಲಿ ಒಂದನ್ನು ಅಜ್ಜ ಮಕ್ಕಳಿಗೆ ಓದಿ ಹೇಳಿದ್ದರಂತೆ: "ನನ್ನ ನೆರಳನ್ನು ಕಳಿಸಿದ್ದೇನೆ. ಜೋಪಾನ, ಒಡೆದೀತು." ಅಂದಿನಿಂದ ಆಕೆ ನೆರಳಜ್ಜಿ. ತಲೆ ಸರಿಯಿರಲಿಲ್ಲ ಅನ್ನುವುದಕ್ಕೆ ಇನ್ನೂ ಒಂದು ಸಾಕ್ಷಿಯಿತ್ತು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಇನ್ನೊಂದು ಸಲ ಬರೆಯುತ್ತಿದ್ದಳು. ನೋಡಿದರೆ ಚಾಪೆ ಹೆಣೆದ ಹಾಗೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಯಾರಾದರೂ ಬೀಗದ ಕೈಯನ್ನು ಎಲ್ಲೋ ಇಟ್ಟು ಮರೆತರೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ, ಇವತ್ತಿಗೂ ಕೇಳುವುದು ಒಂದೇ ಮಾತು: "ಏನು, ನೆರಳಜ್ಜಿ ಮೈಮೇಲೆ ಬಂದಳಾ?"

"ಬಾ ಪುಟ್ಟಿ, ಒಳ್ಳೆ ಹೊತ್ತಿಗೆ ಬಂದೆ" ಅಂದರು ಚಿಕ್ಕಪ್ಪ. ನೆಲದ ಮೇಲೆ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ನಿನಗೇ ತೋರಿಸಬೇಕು ಅಂತಿದ್ದೆ. ಈ ಮನೇಲಿ ಹಳೇ ಕಾಗದದ ಬೆಲೆ ಗೊತ್ತಿರೋರು ನಾವಿಬ್ಬರೇ."

ಅಪ್ಪನ ತಮ್ಮ ಇವರು. ಮುಖ್ಯ ರಸ್ತೆಯಲ್ಲಿ ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಇಟ್ಟಿದ್ದಾರೆ. ಅವರಿಗೆ ಪ್ಲಾಸ್ಟಿಕ್ಕಿನ ಮೇಲೆ ಇರುವ ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಮಾರ್ಕ್ಸ್ ಕಾರ್ಡು, ಬಸ್ಸಿನ ವೇಳಾಪಟ್ಟಿ, ನಾನು ಚಿಕ್ಕವಳಿದ್ದಾಗ ಹೆಕ್ಕಿ ತಂದ ಕೆಂಪು ಎಲೆ, ಎಲ್ಲವನ್ನೂ ಭದ್ರ ಮಾಡಿದವರು. ಚಿಕ್ಕಮ್ಮ ಸಿಟ್ಟಿನಲ್ಲಿ ಬರೆದಿಟ್ಟು ಹೋದ ಚೀಟಿಯನ್ನೂ ಲ್ಯಾಮಿನೇಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದರು. ಮನೆಯಲ್ಲಿ ನನ್ನ ಕೆಲಸದ ಬಗ್ಗೆ ಬಾಯಿಬಿಟ್ಟು ಕೇಳುವವರೂ ಅವರೊಬ್ಬರೇ. "ಇವತ್ತು ಯಾವ ರಾಜನ ಕಾಗದಕ್ಕೆ ತೇಪೆ ಹಾಕಿದೆ?" ಅನ್ನುತ್ತಾರೆ. ನಾನು ಉತ್ತರ ಹೇಳದಿದ್ದರೂ ಮಾರನೆಯ ವಾರ ಮತ್ತೆ ಕೇಳುತ್ತಾರೆ.

"ವರ್ಷದ ಕೊನೆಗೆ ನಮ್ಮೋರೆಲ್ಲ ಸೇರ್ತಾರಲ್ಲ" ಅಂದರು. "ಮನೆಗೊಂದು ಕಾಗದ ಕೊಡೋದು ಅಂತ ತೀರ್ಮಾನ ಮಾಡಿದ್ದೀನಿ. ಹಿಂಗೇ ಕೊಟ್ಟರೆ ವರ್ಷದಲ್ಲಿ ಪುಡಿಪುಡಿ ಆಗುತ್ತೆ. ಅದಕ್ಕೆ ನೋಡು, ಮಾದರಿಗೆ ಅಂತ ಒಂದು ಮಾಡ್ಕೊಂಡು ಬಂದೆ."

ಚೀಲದಿಂದ ತೆಗೆದು ನನ್ನ ಕೈಗಿಟ್ಟರು.

ಅದು ಮಿಂಚುತ್ತಿತ್ತು. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರು. ಒಳಗಿದ್ದ ಕಾಗದ ಎಣ್ಣೆ ಕುಡಿದ ಹಾಗೆ ಕಪ್ಪಿಟ್ಟಿತ್ತು. ಬಿಸಿಗೆ ಕರಗಿದ ಅಂಟು ಆ ತೆಳು ಹಾಳೆಯೊಳಗೆ ಇಳಿದು ಅದನ್ನು ಪಾರದರ್ಶಕ ಮಾಡಿಬಿಟ್ಟಿತ್ತು. ಮುಂದಿನ ನೇರ ಬರಹ, ಅಡ್ಡ ಬರಹ, ಹಿಂದಿನ ನೇರ ಬರಹ, ಅಡ್ಡ ಬರಹ, ನಾಲ್ಕೂ ಒಂದರ ಮೇಲೊಂದು ಬಿದ್ದಿದ್ದವು. ಒಂದು ಪದವನ್ನಾದರೂ ಬಿಡಿಸಿಕೊಳ್ಳೋಣವೆಂದು ನೋಡಿದೆ. ಆಗಲಿಲ್ಲ.

"ಹೆಂಗಿದೆ?" ಅಂದರು ಚಿಕ್ಕಪ್ಪ.

"ಅವಳನ್ನೇನು ಕೇಳ್ತೀಯೋ" ಅಂದರು ಅತ್ತೆ, ಕುರ್ಚಿಯ ಮೇಲಿಂದ. "ಉತ್ತರ ಬರೋಷ್ಟರಲ್ಲಿ ನಿನ್ನ ಪ್ಲಾಸ್ಟಿಕ್ಕೂ ಹಳೇದಾಗಿರುತ್ತೆ. ಚೆನ್ನಾಗೇ ಇದೆ. ಒದ್ದೆ ಬಟ್ಟೇಲಿ ಒರೆಸಬಹುದು."

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದ ಹಾಗೆ ಆಡಿಸಿದೆ. ಚಿಕ್ಕಪ್ಪನಿಗೆ ಅದು ಹೌದಾಗಿ ಕಂಡಿತು. ಅವರ ಮುಖ ಅರಳಿತು. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ಈ ಕಾಗದಗಳನ್ನ ಒಂದು ವಾರ ನನ್ನ ಹತ್ರ ಇಟ್ಕೊಳ್ಳಲಾ?"

"ಓದಬೇಕಾ? ಓದು, ಓದು. ಮುಂದಿನ ಭಾನುವಾರ ಅಂಗಡಿಗೇ ತಂದುಬಿಡು, ಅವತ್ತು ರಜಾ, ಗಿರಾಕಿಗಳ ಗಲಾಟೆ ಇರಲ್ಲ. ಕೂತು ಎಲ್ಲಾ ಮುಗಿಸಿಬಿಡ್ತೀನಿ" ಅಂದರು. ಪೆಟ್ಟಿಗೆಯ ತಳದಲ್ಲಿ ಕಾಗದಗಳ ಕೆಳಗೆ ಪುಸ್ತಕದಷ್ಟು ಅಗಲದ ಒಂದು ಗಾಜು ಇತ್ತು. ಒಂದು ಕಡೆ ಕಪ್ಪು ಕಪ್ಪಾಗಿ ಹೊಪ್ಪಳೆ ಎದ್ದಿತ್ತು. "ಆ ಗಾಜನ್ನ ಎಸೆದುಬಿಡು, ಕೈ ಕುಯ್ದೀತು."

ನಾನು ಎಸೆಯಲಿಲ್ಲ. ಅದೇನೆಂದು ಗೊತ್ತಿತ್ತು ಅಂತಲ್ಲ, ಪತ್ರಾಗಾರದಲ್ಲಿ ಕಸವನ್ನೂ ಕೇಳಿಯೇ ಎಸೆಯುವ ರೂಢಿ.

ಸೋಮವಾರ ಕೆಲಸ ಮುಗಿದ ಮೇಲೆ ಮೇಡಂ ತಮ್ಮ ದೊಡ್ಡ ಮೇಜನ್ನು ನನಗೆ ಬಿಟ್ಟುಕೊಟ್ಟರು. ಲ್ಯಾಮಿನೇಟ್ ಆದ ಕಾಗದವನ್ನು ಮೊದಲು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮೂಲೆಯನ್ನು ಉಗುರಿನಿಂದ ಮುಟ್ಟಿದರು.

"ಬಿಡಿಸಬಹುದಾ ಮೇಡಂ?"

"ಪ್ಲಾಸ್ಟಿಕ್ ಬಿಡಿಸಬಹುದು. ಜೊತೆಗೆ ಕಾಗದವೂ ಬರುತ್ತೆ." ಅದನ್ನು ಮೇಜಿನ ಮೇಲಿಟ್ಟು, "ಯಾರು ಮಾಡಿದ್ದು?" ಅಂದರು.

"ನಮ್ಮ ಚಿಕ್ಕಪ್ಪ. ಪ್ರೀತಿಯಿಂದ."

"ಪ್ರೀತಿಯಿಂದ ಮಾಡಿದ್ದೇ ಜಾಸ್ತಿ ಬರುತ್ತಮ್ಮ ಇಲ್ಲಿಗೆ" ಅಂದರು ಮೇಡಂ. "ದ್ವೇಷ ಇರೋರು ಕಾಗದದ ತಂಟೆಗೇ ಹೋಗಲ್ಲ."

ಆ ವಾರ ನಾನು ಸಂಜೆ ಸಂಜೆ ಕೂತು ಕಾಗದಗಳನ್ನು ಬಿಡಿಸಿದೆ. ಮೃದುವಾದ ಕುಂಚದಿಂದ ಧೂಳು ತೆಗೆದು, ಮಡಿಕೆ ಗಟ್ಟಿಯಾದಲ್ಲಿ ತೇವದ ಆವಿ ಮಾತ್ರ ತಾಗಿಸಿ, ಎಲುಬಿನ ಪಟ್ಟಿಯಿಂದ ನಿಧಾನವಾಗಿ ಎತ್ತಬೇಕು. ಉಸಿರು ಬಿಟ್ಟರೆ ಹಾಳೆ ಅಲುಗುತ್ತದೆ. ಆಕೆ ಬಳಸಿದ್ದ ಶಾಯಿಯಲ್ಲಿ ಕಬ್ಬಿಣದ ಅಂಶವಿತ್ತು. ಕಪ್ಪಾಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಒತ್ತಿ ಬರೆದ ಕಡೆಯಲ್ಲೆಲ್ಲ ಕಾಗದವನ್ನೇ ತಿಂದಿತ್ತು. ಹಾಳೆಯನ್ನು ದೀಪಕ್ಕೆ ಹಿಡಿದರೆ ಸುಳಿ, ಒತ್ತು, ದೀರ್ಘಗಳ ಜಾಗದಲ್ಲಿ ಸೂಜಿಯ ಮೊನೆಯಷ್ಟು ರಂಧ್ರಗಳು. ಆಕೆ ಎಲ್ಲಿ ಒತ್ತಿ ಮಾತಾಡಿದ್ದಳೋ ಅಲ್ಲೆಲ್ಲ ಬೆಳಕು ಬರುತ್ತಿತ್ತು.

ಅಡ್ಡ ಬರಹವನ್ನು ಓದುವುದು ಮೊದಲ ದಿನ ಸಾಧ್ಯವೇ ಆಗಲಿಲ್ಲ. ಎರಡನೆಯ ದಿನ ಕಣ್ಣು ತಾನಾಗಿಯೇ ಕಲಿತುಕೊಂಡಿತು. ಗದ್ದಲದ ಕೋಣೆಯಲ್ಲಿ ಒಬ್ಬರ ದನಿಯನ್ನಷ್ಟೇ ಹಿಡಿದುಕೊಂಡು ಕೇಳುವ ಹಾಗೆ, ನೇರ ಸಾಲುಗಳು ಹಿಂದೆ ಸರಿದು ಅಡ್ಡ ಸಾಲುಗಳು ಮುಂದೆ ಬಂದವು. ನೇರ ಬರಹದಲ್ಲಿ ಎಲ್ಲರೂ ಕ್ಷೇಮ, ಮಾವನವರ ಕೆಮ್ಮು, ನೂಲಿನ ಬೆಲೆ. ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿಸಿಕೊಳ್ಳುವಂಥದ್ದು. ಹಾಳೆ ತಿರುಗಿಸಿದ ಮೇಲೆ ದನಿಯೇ ಬೇರೆ. "ಅಕ್ಕಾ, ಇದನ್ನು ನೀನೊಬ್ಬಳೇ ಓದು" ಅಂತ ಶುರು. ಆಕೆಗೆ ತಲೆ ಕೆಟ್ಟಿರಲಿಲ್ಲ. ಅಂಚೆಗೆ ತೂಕ ಹೆಚ್ಚಾಗದ ಹಾಗೆ ಒಂದೇ ಹಾಳೆಯಲ್ಲಿ ಊರಿಗೊಂದು, ಅಕ್ಕನಿಗೊಂದು ಕಾಗದ ಬರೆಯುತ್ತಿದ್ದಳು ಅಷ್ಟೆ.

ಗುರುವಾರ ಸಿಕ್ಕ ಹಾಳೆಯಲ್ಲಿ ಹೀಗಿತ್ತು: "ನೆರಳು ತೆಗೆಯುವವನು ಬಂದಿದ್ದ. ಅಲುಗಬಾರದೆಂದು ಕುತ್ತಿಗೆಯ ಹಿಂದೆ ಕಬ್ಬಿಣದ ಕವೆಯೊಂದನ್ನು ಕೊಟ್ಟ. ನನಗೆ ನಗು ಬರುತ್ತಿತ್ತು. ನಕ್ಕರೆ ಬಾಯಿ ಹೋಗುತ್ತದೆ ಅಂದ."

ನಾನು ಅದನ್ನು ಮತ್ತೆ ಓದಿದೆ. ನೆರಳು ತೆಗೆಯುವವನು. ಎಡಗಡೆ, ಮೇಜಿನ ಅಂಚಿನಲ್ಲಿ, ಆ ಗಾಜು ಬಿಳಿ ಕಾಗದದ ಮೇಲೆ ಕೂತಿತ್ತು. ಅದರ ಮೇಲೆ ಹಾಲಿನ ಕೆನೆಯಂಥ ಮಂಕು ಕಲೆಯಷ್ಟೇ ಕಾಣುತ್ತಿತ್ತು. ಹಿಂದಿನ ಕಪ್ಪು ಬಣ್ಣ ಬಹುಪಾಲು ಉದುರಿ ಪೆಟ್ಟಿಗೆಯ ತಳದಲ್ಲಿ ಪುಡಿಯಾಗಿತ್ತು. ಕೈಗೆ ಗವಸು ಹಾಕಿಕೊಂಡು ಅಂಚು ಹಿಡಿದು ಎತ್ತಿದೆ. ಮೇಡಂ ಪಕ್ಕದಲ್ಲಿ ಕತ್ತರಿಸಿಡುತ್ತಿದ್ದ ಕಪ್ಪು ರಟ್ಟಿನ ಮೇಲೆ ಹಾದುಹೋಗುವಾಗ ನನ್ನ ಕೈ ತಾನಾಗಿ ನಿಂತಿತು.

ಗಾಜಿನೊಳಗಿಂದ ಯಾರೋ ನನ್ನನ್ನು ನೋಡುತ್ತಿದ್ದರು.

ರಟ್ಟು ಗಾಜಿನ ಕೆಳಗೆ ಇದ್ದಷ್ಟು ಭಾಗದಲ್ಲಿ ಮಾತ್ರ: ಒಂದು ಕಣ್ಣು, ಹುಬ್ಬು, ನೇರವಾಗಿ ತೆಗೆದ ಬೈತಲೆ. ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಮೂಗು ಬಂತು, ಇನ್ನೊಂದು ಕಣ್ಣು ಬಂತು. ನಗು ತಡೆದುಕೊಂಡಿದ್ದ ಬಾಯಿ. ನಾನು ಸರಿಸಿದಷ್ಟೂ ಆಕೆ ಕತ್ತಲಿನಿಂದ ಎದ್ದು ಬರುತ್ತಿದ್ದಳು. ಎಲ್ಲಿಂದಲೋ ನಡೆದು ಬಂದು ಬಾಗಿಲಲ್ಲಿ ನಿಂತವರ ಹಾಗೆ. ಕೊರಳಿನ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನೂರಾರು ಬಾರಿ ನಕಲು ಮಾಡಿದ ಚಿತ್ರವಲ್ಲ ಅದು. ಅವತ್ತು ಆಕೆಯ ಮುಖಕ್ಕೆ ತಾಗಿದ ಬೆಳಕು ಈ ಗಾಜಿಗೇ ಬಂದು ತಾಗಿತ್ತು, ಇದೇ ಗಾಜಿಗೆ. ಇನ್ನೊಂದು ಪ್ರತಿ ಈ ಲೋಕದಲ್ಲೇ ಇಲ್ಲ.

ಮಡಿಲಲ್ಲಿ ಮಗುವಿತ್ತು. ಅದು ಅಲುಗಾಡಿತ್ತು. ಮುಖದ ಜಾಗದಲ್ಲಿ ಬರೀ ಬೆಳ್ಳಗಿನ ಹೊಗೆ. ಆದರೆ ತಾಯಿ ಅದರ ಒಂದು ಕೈಯನ್ನು ತನ್ನ ಕೈಯೊಳಗೆ ಹಿಡಿದಿದ್ದಳು, ಆ ಪುಟ್ಟ ಕೈ ಮಾತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಭೂತಗನ್ನಡಿಯಲ್ಲಿ ನೋಡಿದಾಗ ಉಗುರುಗಳೂ ಕಂಡವು. ಮಗು ಪೂರ್ತಿ ಓಡಿಹೋಗಿತ್ತು. ಅಮ್ಮ ಹಿಡಿದುಕೊಂಡಷ್ಟು ಉಳಿದಿತ್ತು.

"ಮೇಡಂ" ಅಂದೆ. ದನಿ ಹೊರಬಿತ್ತೋ ಇಲ್ಲವೋ. ಅವರು ಬಂದು ನನ್ನ ಭುಜದ ಮೇಲಿಂದ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷದ ಸರ್ವಿಸ್‌ನಲ್ಲಿ ಇಂಥಾದ್ದು ಕೈಬೆರಳೆಣಿಕೆಯಷ್ಟು ನೋಡಿದ್ದೀನಿ" ಅಂದರು ಮೆಲ್ಲಗೆ. "ಗಾಜಿನ ಮೇಲೆ ಬೆಳ್ಳಿ. ಹಿಂದೆ ಕತ್ತಲಿದ್ದರೆ ಮಾತ್ರ ಕಾಣೋ ಚಿತ್ರ. ಕಪ್ಪು ಬಣ್ಣ ಉದುರಿದ ದಿನ ಇವಳು ಮಾಯವಾಗಿದ್ದಾಳೆ. ಮನೆಯೋರು ಗಾಜಿನ ಚೂರು ಅಂದುಕೊಂಡಿದ್ದಾರೆ."

ನನ್ನ ನೆರಳನ್ನು ಕಳಿಸಿದ್ದೇನೆ. ಜೋಪಾನ, ಒಡೆದೀತು. ಮೂರು ತಲೆಮಾರು ನಕ್ಕ ಮಾತು. ಫೋಟೋಗೆ ಆಕೆಯ ಕಾಲದಲ್ಲಿ ಬೇರೆ ಹೆಸರಿರಲಿಲ್ಲ, ಅಷ್ಟೇ. ನಾವು ನಗುತ್ತಿದ್ದಾಗಲೆಲ್ಲ ಆಕೆ ಅದೇ ಪೆಟ್ಟಿಗೆಯ ತಳದಲ್ಲಿ, ತನ್ನ ಕಾಗದಗಳ ಕೆಳಗೆ, ನಗು ತಡೆದುಕೊಂಡು ಕೂತಿದ್ದಳು. ನನಗೆ ಕಣ್ಣು ತುಂಬಿಬಂತು. ಗಾಜಿನ ಮೇಲೆ ಬೀಳಬಾರದೆಂದು ಹಿಂದೆ ಸರಿದೆ.

ಶನಿವಾರ ಮೇಡಂ ಗಾಜಿನ ಹಿಂದೆ ಕಪ್ಪು ಕಾಗದವಿಟ್ಟು, ಮುಂದೊಂದು ಶುದ್ಧ ಗಾಜು ಕೊಟ್ಟು, ಸುತ್ತ ಕಾಗದದ ಪಟ್ಟಿ ಕಟ್ಟಿಕೊಟ್ಟರು. ಆಮೇಲೆ, "ನಿಮ್ಮ ಚಿಕ್ಕಪ್ಪನ ನಂಬರ್ ಕೊಡು. ಬೇಕಾದರೆ ನಾನೇ ಮಾತಾಡ್ತೀನಿ" ಅಂದರು.

ಕೊಡಬೇಕೆಂದು ಫೋನು ತೆಗೆದದ್ದೂ ಹೌದು. ಚಿಕ್ಕಪ್ಪ ಫೋನಿನಲ್ಲಿ "ಹೌದಾ ಮೇಡಂ, ಸರಿ ಮೇಡಂ" ಅನ್ನುತ್ತ, ಅಪರಿಚಿತರ ಬಾಯಿಂದ ತಪ್ಪು ಮಾಡಿದೆನೆಂದು ಕೇಳುತ್ತ ಅಂಗಡಿಯಲ್ಲಿ ಒಬ್ಬರೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಫೋನು ಒಳಗಿಟ್ಟೆ. "ಬೇಡ ಮೇಡಂ. ಈ ಚಿತ್ರ ತೋರಿಸಿದರೆ ಅವರಿಗೇ ಗೊತ್ತಾಗುತ್ತೆ."

ಮೇಡಂ ನನ್ನನ್ನೇ ನೋಡಿದರು. "ಚಿತ್ರ ಮಾತಾಡುತ್ತೆ ಅಂತೀಯಾ" ಅಂದರು. ಅಷ್ಟೇ.

ನಿಜ ಹೇಳಬೇಕೆಂದರೆ ನಾನು ನಂಬಿಕೊಂಡಿದ್ದದ್ದು ಅದನ್ನೇ. ನನ್ನ ಬದಲು ನೆರಳಜ್ಜಿ ಮಾತಾಡುತ್ತಾಳೆ, ನಾನು ಹಿಡಿದುಕೊಂಡು ನಿಂತರೆ ಸಾಕು.

ಭಾನುವಾರ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಯಂತ್ರ ಆಗಲೇ ಬಿಸಿಯಾಗಿ ಹಸಿರು ದೀಪ ಹೊತ್ತಿತ್ತು. ಕಾದ ಪ್ಲಾಸ್ಟಿಕ್ಕಿನ ವಾಸನೆ. ಕೌಂಟರಿನ ಮೇಲೆ ಖಾಲಿ ಕವರುಗಳ ಅಟ್ಟಿ. ಅತ್ತೆಯೂ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದರು.

"ಓದಿ ಮುಗಿಸಿದೆಯಾ? ಏನಂತಾಳೆ ನಿಮ್ಮ ನೆರಳಜ್ಜಿ?" ಅಂದರು ಅತ್ತೆ. "ಸೂರ್ಯನ್ನೂ ಪಾರ್ಸೆಲ್ ಮಾಡಿದ್ದಾಳಾ?"

ನಾನು ಚಿತ್ರಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಅವರ ಮುಂದೆ ಹಿಡಿದೆ.

ಅತ್ತೆ ಮೊದಲು ನಗುತ್ತಲೇ ನೋಡಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಕೈ ಚಾಚಿದವರು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಇದು ಯಾರು?" ಅಂದರು, ಗೊತ್ತಿದ್ದೂ.

"ನೆರಳಜ್ಜಿ. ಆ ಕಾಲದಲ್ಲಿ ಆಕೆಯ ಕಡೆ ಫೋಟೋಗೆ ನೆರಳು ಅಂತಿದ್ದರು ಅನ್ನಿಸುತ್ತೆ. ಗಾಜಿನದು, ಅದಕ್ಕೇ ಒಡೆದೀತು ಅಂತ ಬರೆದಿದ್ದಾಳೆ."

ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ್ದನ್ನು ಇಬ್ಬರೂ ಗಮನಿಸಲಿಲ್ಲ.

"ಮೂಗು ನೋಡೋ" ಅಂದರು ಅತ್ತೆ ತಮ್ಮನಿಗೆ. ದನಿ ಸಣ್ಣದಾಗಿತ್ತು. "ನನ್ನ ಮೂಗು. ಈ ಮೂಗು ಎಲ್ಲಿಂದ ಬಂತು, ನಮ್ಮ ಮನೇಲಿ ಯಾರಿಗೂ ಇಲ್ಲ ಅಂತ ಅಮ್ಮ ಬೈಯೋಳು. ಇಲ್ಲಿತ್ತಲ್ಲ, ಇಷ್ಟು ದಿನ." ಸ್ವಲ್ಪ ಹೊತ್ತಾದ ಮೇಲೆ, "ಪಾಪ, ಎಷ್ಟು ಆಡಿಕೊಂಡೆವು ಅವಳನ್ನ" ಅಂದರು.

ಚಿಕ್ಕಪ್ಪ ಸ್ಟೂಲಿನ ಪಕ್ಕ ಮಂಡಿಯೂರಿ ಕೂತು, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದುಕೊಂಡು ನೋಡುತ್ತಿದ್ದರು. ಅಂಗಡಿಯಲ್ಲಿ ಯಂತ್ರದ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಮಗು ಕೈ ನೋಡಕ್ಕ" ಅಂದರು. "ಹಿಡ್ಕೊಂಡಿದ್ದಾಳೆ ನೋಡು." ಎದ್ದು ನಿಂತರು, ಅಂಗಿಯ ತೋಳಿಗೆ ಮುಖ ಒರೆಸಿಕೊಂಡರು, ನನ್ನ ತಲೆ ಸವರಿದರು. ನಾನು ಗೆದ್ದೆ ಅಂದುಕೊಂಡೆ.

"ಇಂಥಾ ಹೆಂಗಸಿನ ಕಾಗದ" ಅಂದರು ಚಿಕ್ಕಪ್ಪ, "ಇನ್ನೊಂದು ದಿನವೂ ಹಾಗೇ ಬಿಡಬಾರದು. ಒಂದು ಅಕ್ಷರ ಕಳೆದುಹೋಗಬಾರದು. ಇವಕ್ಕೆ ತೆಳು ಕವರ್ ಬೇಡ, ದಪ್ಪದ್ದೇ ಹಾಕ್ತೀನಿ. ಎರಡು ಸಲ ಹಾಯಿಸ್ತೀನಿ ಬೇಕಾದರೆ." ಅಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೌಂಟರಿನ ಕೆಳಗಿಂದ ಹೊಸ ಪ್ಯಾಕೆಟ್ ತೆಗೆದು ಹಲ್ಲಿನಿಂದ ಕಚ್ಚಿ ಹರಿದರು. "ಕೊಡು ಪುಟ್ಟಿ. ನೀನೇ ಒಂದೊಂದಾಗಿ ಕೊಡು, ನಿನ್ನ ಕೈ ನಾಜೂಕು."

ಚಿತ್ರ ಮಾತಾಡಿತ್ತು. ಅವರು ಕೇಳಿಸಿಕೊಂಡಿದ್ದರು ಕೂಡ. ಕೇಳಿಸಿಕೊಂಡದ್ದಕ್ಕೇ ಈ ಅವಸರ. ಈ ಲೋಕದಲ್ಲಿ ಒಂದು ವಸ್ತುವನ್ನು ಪ್ರೀತಿಸಿದರೆ ಅದಕ್ಕೆ ಏನು ಮಾಡಬೇಕೆಂದು ಅವರಿಗೆ ಗೊತ್ತಿದ್ದದ್ದು ಒಂದೇ, ಅದನ್ನು ಮಾಡಲು ಕೈ ಚಾಚಿ ನಿಂತಿದ್ದರು.

ಕಾಗದಗಳನ್ನು ಒಳಗಿಟ್ಟು ತಂದಿದ್ದ ರಟ್ಟಿನ ಮಡಿಕೆ ನನ್ನ ತೋಳಿನಲ್ಲಿತ್ತು. ಅಂಗೈ ಒದ್ದೆಯಾಗಿ ರಟ್ಟಿಗೆ ಅಂಟಿಕೊಳ್ಳುತ್ತಿತ್ತು. ಮಾತು ಗಂಟಲಿನವರೆಗೆ ಬಂತು, ಎಂದಿನಂತೆ ಅಲ್ಲೇ ಕೂತಿತು. ಚಿಕ್ಕಪ್ಪ ನಗುತ್ತ ಇನ್ನೊಂದು ಹೆಜ್ಜೆ ಹತ್ತಿರ ಬಂದರು, ಮಡಿಕೆಯ ಅಂಚಿಗೆ ಕೈಯಿಟ್ಟರು. ನಾನು ಬಿಡಲಿಲ್ಲ. ಅವರು ಮೆಲ್ಲಗೆ ಎಳೆದರು. ನಾನು ಇನ್ನೂ ಬಿಡದ್ದನ್ನು ನೋಡಿ ತಲೆಯೆತ್ತಿದರು.

"ಏನು ಪುಟ್ಟಿ?"

ಅತ್ತೆಯೂ ನನ್ನ ಕಡೆ ತಿರುಗಿದರು. ಅವರೂ ಕಾಯುತ್ತಿದ್ದರು, ಈ ಸಲ ಏನೂ ಚುಚ್ಚಲಿಲ್ಲ.

"ಕಳೆದ ವಾರ ನೀವು ಮಾಡಿಕೊಂಡು ಬಂದಿರಲ್ಲ, ಆ ಕಾಗದ ಹಾಳಾಗಿದೆ ಚಿಕ್ಕಪ್ಪ" ಅಂದೆ. "ಅದರಲ್ಲಿ ಆಕೆ ಏನು ಬರೆದಿದ್ದಳು ಅಂತ ಇನ್ನು ಯಾರಿಗೂ ಓದೋಕೆ ಆಗಲ್ಲ."